ಒತ್ತಿ ತಿರುಗಿಸಿ: ತೆರೆಯದ ಮುಚ್ಚಳಗಳ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಮಳೆಗಾಲದಲ್ಲಿ ಮಾತ್ರೆಗಳನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ಬರೆದಿದ್ದೆ. "ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಹಾಕಿ" ಅನ್ನುವ ಸಾಲೊಂದು ಅದರಲ್ಲಿತ್ತು. ಆ ಒಂದು ಸಾಲಿಗೆ ಬಂದಷ್ಟು ಪತ್ರ ಈ ಅಂಕಣಕ್ಕೆ ಯಾವತ್ತೂ ಬಂದಿಲ್ಲ. ಹಾಕುವುದು ಸರಿ, ತೆಗೆಯುವುದು ಹೇಗೆ ಅಂತ ಎಲ್ಲರೂ ಕೇಳಿದ್ದಾರೆ. ಬರೆದವರಲ್ಲಿ ಎಪ್ಪತ್ತು ದಾಟಿದವರೇ ಜಾಸ್ತಿ. 35 ವರ್ಷ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವನು ನಾನು. ಈ ವಿಷಯ ನನಗೆ ಹೊಸದಲ್ಲ. ಆದರೆ ಇಷ್ಟು ಮನೆಗಳಲ್ಲಿ ಇಷ್ಟು ಜನ ಸುಮ್ನೆ ಸಹಿಸಿಕೊಂಡಿದ್ದಾರೆ ಅಂತ ಈಗಲೇ ಗೊತ್ತಾಗಿದ್ದು. ಹಾಗಾಗಿ ಈ ಸಲ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನಗೆ 76 ವರ್ಷ. ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿ ಒಬ್ಬಳೇ ಇದ್ದೇನೆ. ಮಕ್ಕಳಿಬ್ಬರೂ ಬೆಂಗಳೂರಲ್ಲಿ. ಆಷಾಢದಲ್ಲಿ ಜೋರು ಕೆಮ್ಮು ಬಂತು. ಡಾಕ್ಟರು ಬರೆದ ಸಿರಪ್ ತರಿಸಿಕೊಂಡೆ. ರಾತ್ರಿ ಕುಡಿಯೋಣ ಅಂತ ಮುಚ್ಚಳ ತಿರುಗಿಸಿದರೆ ಟಕ ಟಕ ಅಂತ ಸುತ್ತುತ್ತದೆ, ಬಿಚ್ಚಿಕೊಳ್ಳುವುದಿಲ್ಲ. ಸೆರಗಿನಲ್ಲಿ ಹಿಡಿದು ನೋಡಿದೆ. ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸಿದೆ. ಆಗಲಿಲ್ಲ. ಮೂರು ರಾತ್ರಿ ಗೋಡೆಗೆ ಒರಗಿ ಕೂತೇ ಕಳೆದೆ. ಮಗಳು ಫೋನ್ ಮಾಡಿದಾಗ "ಕುಡಿದೆ" ಅಂದೆ. ನಾಲ್ಕನೇ ದಿನ ಮಳೆ ಸ್ವಲ್ಪ ಹೊಳವಾಯಿತು. ತೋಟಕ್ಕೆ ಕೊಳೆ ಔಷಧಿ ಹೊಡೆಯಲು ಬಂದ ಹುಡುಗ ಒಂದೇ ಸಲಕ್ಕೆ ತೆಗೆದುಕೊಟ್ಟ. ಅವನು ನಕ್ಕ, ನನಗೆ ಅಳು ಬಂತು. ನನ್ನ ಕೈ ಇಷ್ಟು ಸೋತುಹೋಯಿತಾ?

ಉತ್ತರ: ಅಕ್ಕ, ನಿಮ್ಮ ಕೈ ಸೋತಿಲ್ಲ. ಮೊದಲು ಇದನ್ನು ನಂಬಿ. ನಿಮ್ಮ ಬಾಟಲಿಗೆ ಇದ್ದದ್ದು ಮಕ್ಕಳು ತೆಗೆಯಬಾರದು ಅಂತಲೇ ಮಾಡಿದ ಮುಚ್ಚಳ. ಅದು ಒಂದಲ್ಲ, ಎರಡು ಮುಚ್ಚಳ. ಒಂದರೊಳಗೆ ಇನ್ನೊಂದು ಕೂತಿರುತ್ತದೆ. ಸುಮ್ನೆ ತಿರುಗಿಸಿದರೆ ಹೊರಗಿನದು ಮಾತ್ರ ಸುತ್ತುತ್ತದೆ, ಒಳಗಿನದು ಅಲ್ಲಾಡುವುದೇ ಇಲ್ಲ. ನೀವು ಕೇಳಿದ ಟಕ ಟಕ ಅದರದ್ದೇ. ಮೇಲಿನಿಂದ ಕೆಳಕ್ಕೆ ಒತ್ತಿದಾಗ ಮಾತ್ರ ಎರಡರ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ಒಟ್ಟಿಗೆ ತಿರುಗುತ್ತವೆ. ಒತ್ತದೆ ತಿರುಗಿಸಿದರೆ ಪೈಲ್ವಾನನ ಕೈಗೂ ಅದು ಬಿಚ್ಚಿಕೊಳ್ಳುವುದಿಲ್ಲ. ಆ ಹುಡುಗನಿಗೆ ಈ ಗುಟ್ಟು ಗೊತ್ತಿತ್ತು, ಅಷ್ಟೇ. ಮುಚ್ಚಳದ ಮೇಲೆ "ಪುಶ್ ಡೌನ್ ಅಂಡ್ ಟರ್ನ್" ಅಂತ ಇಂಗ್ಲಿಷಿನಲ್ಲಿ, ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಉಬ್ಬು ಅಕ್ಷರದಲ್ಲಿ ಬರೆದಿರುತ್ತದೆ. ಹಗಲು ಬೆಳಕಿನಲ್ಲೇ ಕಾಣುವುದು ಕಷ್ಟ. ರಾತ್ರಿ ಕೆಮ್ಮುತ್ತಾ ಕೂತವರಿಗೆ ಕಾಣುತ್ತದಾ?

ಈ ಮುಚ್ಚಳ ಬಂದದ್ದು ಒಳ್ಳೆಯ ಕಾರಣಕ್ಕೆ. ಮನೆಯಲ್ಲಿ ಕೈಗೆ ಸಿಕ್ಕ ಔಷಧಿ ನುಂಗಿ ಪುಟ್ಟ ಮಕ್ಕಳು ಸಾಯುತ್ತಿದ್ದರು. ಕೆನಡಾದ ವಿಂಡ್ಸರ್ ಊರಿನ ಮಕ್ಕಳ ವೈದ್ಯ ಹೆನ್ರಿ ಬ್ರೋ ಅದನ್ನು ನೋಡಿ ನೋಡಿ ಸಾಕಾಗಿ, 1967ರ ಹೊತ್ತಿಗೆ ಅಂಗೈಯಲ್ಲಿ ಒತ್ತಿ ತಿರುಗಿಸುವ ಮುಚ್ಚಳವನ್ನು ಬಳಕೆಗೆ ತಂದರು. ಅಮೆರಿಕದಲ್ಲಿ 1970ರಲ್ಲಿ ಇದಕ್ಕೆ ಕಾನೂನೇ ಆಯಿತು. ಎಷ್ಟೋ ಮಕ್ಕಳ ಜೀವ ಉಳಿಯಿತು. ಆದರೆ ಮಗುವಿನ ಕೈ ಹೇಗೋ ಅಜ್ಜಿಯ ಕೈಯೂ ಹಾಗೇ ಅಲ್ವಾ? ಆ ಯೋಚನೆ ಬರಲು ಅಲ್ಲಿಯೂ ತಡವಾಯಿತು. ಮುಚ್ಚಳವನ್ನು ದೊಡ್ಡವರು ತೆಗೆಯಬಲ್ಲರಾ ಅಂತ ಪರೀಕ್ಷೆ ಮಾಡುವಾಗ ಮೊದಲು 18ರಿಂದ 45 ವರ್ಷದವರ ಕೈಗೆ ಕೊಡುತ್ತಿದ್ದರು. 1995ರಲ್ಲಿ ನಿಯಮ ಬದಲಾಗಿ 50ರಿಂದ 70 ವರ್ಷದ 100 ಜನರ ಕೈಗೆ ಕೊಡುವುದು ಶುರುವಾಯಿತು. ನೋಡಿ ಅಕ್ಕ, ಆಮೇಲೂ 76 ವರ್ಷದ ನಿಮ್ಮ ಕೈ ಆ ಲೆಕ್ಕದಲ್ಲಿಲ್ಲ.

ಇನ್ನು ಮುಂದೆ ಹೀಗೆ ಮಾಡಿ. ಬಾಟಲಿಯನ್ನು ಕೈಯಲ್ಲಿ ಹಿಡಿದು ತೆಗೆಯಬೇಡಿ. ಸೊಂಟಕ್ಕಿಂತ ತುಸು ಕೆಳಗೆ ಬರುವ ಸ್ಟೂಲಿನ ಮೇಲೆ ಇಡಿ. ಅಡಿಗೆ ಒದ್ದೆ ಬಟ್ಟೆ ಹಾಕಿದರೆ ಜಾರುವುದಿಲ್ಲ. ನೀವು ನಿಂತುಕೊಳ್ಳಿ. ಬೆರಳಿನಲ್ಲಿ ಹಿಡಿಯಬೇಡಿ, ಅಂಗೈಯ ಬುಡವನ್ನು ಮುಚ್ಚಳದ ಮೇಲಿಟ್ಟು ಮೈಭಾರ ಬಿಡಿ. ಹಾಗೇ ಒತ್ತಿಕೊಂಡು ಎಡಕ್ಕೆ ತಿರುಗಿಸಿ. ಟಕ ಟಕ ಸದ್ದು ಬಂದರೆ ಒತ್ತಿದ್ದು ಸಾಲಲಿಲ್ಲ ಅಂತ ಅರ್ಥ. ವಯಸ್ಸಾದಂತೆ ಸವೆಯುವ ಕೀಲುಗಳಲ್ಲಿ ಹೆಬ್ಬೆರಳ ಬುಡದ್ದೂ ಒಂದು. ಚಿವುಟುವ, ಹಿಂಡುವ ಕೆಲಸವೆಲ್ಲ ಅದರದ್ದೇ. ಅದಕ್ಕೇ ಬೆರಳನ್ನು ಬಿಟ್ಟು ಅಂಗೈಗೆ, ತೋಳಿಗೆ ಕೆಲಸ ಕೊಡಿ ಅನ್ನುವುದು.

ಇನ್ನೊಂದು ಮಾತು. ಔಷಧಿ ಕೊಳ್ಳುವಾಗಲೇ "ಇದನ್ನು ಒಂದು ಸಲ ತೆಗೆದು ಸಡಿಲ ಮಾಡಿ ಕೊಡಿ" ಅಂತ ಕೇಳಿ. ಬೇರೆಯವರು ತಂದುಕೊಡುವುದಾದರೆ ಅವರಿಗೂ ಹೇಳಿ ಕಳಿಸಿ. ಇದರಲ್ಲಿ ನಾಚಿಕೆ ಬೇಡ. ನನ್ನ ಅಂಗಡಿಗೆ ಪ್ರತಿ ತಿಂಗಳು ಒಬ್ಬ ಹಿರಿಯರು ಬರುತ್ತಿದ್ದರು. ಒಂದು ಸಲ ಹನ್ನೆರಡು ದಿನದ ನಂತರ ಔಷಧಿ ಬಾಟಲಿಯನ್ನು ಅದೇ ಕಾಗದದ ಕವರಿನಲ್ಲಿ ಸುತ್ತಿ ವಾಪಸ್ ತಂದರು. ಯಾಕೆ ಅಂದರೆ "ಬೇಡ ಅನ್ನಿಸಿತು" ಅಂದರು. ದುಡ್ಡು ಕೊಟ್ಟು ಕಳಿಸಿದೆ. ಆಮೇಲೆ ಬಾಟಲಿಯನ್ನು ಶೆಲ್ಫಿಗೆ ಇಡಲು ಹೋದಾಗ ನೋಡಿದೆ. ಮುಚ್ಚಳದ ಸುತ್ತ ಹಲ್ಲಿನ ಗುರುತು. ಸಣ್ಣ ಸಣ್ಣ ಹಳ್ಳ, ಒಂದರ ಪಕ್ಕ ಒಂದು, ಒಂದು ಕಡೆ ಬಿಳಿಯಾಗಿ ಪ್ಲಾಸ್ಟಿಕ್ ಎದ್ದು ಬಂದಿತ್ತು. ಹನ್ನೆರಡು ದಿನ ಅವರು ಔಷಧಿ ಕುಡಿದೇ ಇರಲಿಲ್ಲ. ಬಾಟಲಿ ಕೊಡುವಾಗ ಅವರ ಬೆರಳು ನಡುಗುವುದನ್ನು ನಾನು ನೋಡಿದ್ದೆ. ನೋಡಿಯೂ ಕೇಳಿರಲಿಲ್ಲ. ಅವತ್ತಿನಿಂದ ಅಂಗಡಿ ಬಿಡುವ ತನಕ, ಅರವತ್ತು ದಾಟಿದ ಯಾರಿಗೇ ಬಾಟಲಿ ಕೊಟ್ಟರೂ "ತೆಗೆದು ಕೊಡಲಾ?" ಅಂತ ಕೇಳಿಯೇ ಕೊಡುತ್ತಿದ್ದೆ. ಬೇಡ ಅಂದವರು ಬಹಳ ಕಮ್ಮಿ.

ಸಡಿಲ ಮಾಡಿಸಿದ ಮೇಲೆ ಒಂದು ಎಚ್ಚರಿಕೆ. ರಜೆಗೆ ಮೊಮ್ಮಕ್ಕಳು ಬಂದಾಗ ಆ ಬಾಟಲಿಗಳು ಎತ್ತರದ ಕಪಾಟಿನಲ್ಲಿ, ಬೀಗದೊಳಗೆ ಇರಬೇಕು. ಮತ್ತೆ, ಮಗಳಿಗೆ ನಿಜ ಹೇಳಿಬಿಡಿ ಅಕ್ಕ. ಮೂರು ದಿನ ಕುಡಿಯಲಿಲ್ಲ ಅಂತ ಗೊತ್ತಾಗದೆ ಡಾಕ್ಟರು "ಈ ಔಷಧಿ ನಾಟಲಿಲ್ಲ" ಅಂದುಕೊಂಡು ಇನ್ನೂ ಜೋರಿನದು ಬರೆಯುವುದುಂಟು.

ಪ್ರಶ್ನೆ: ನಮ್ಮ ಅಪ್ಪನಿಗೆ 81. ದಿನಕ್ಕೆ ಏಳು ಮಾತ್ರೆ. ಸ್ಟ್ರಿಪ್ಪಿನಿಂದ ಮಾತ್ರೆ ಬಿಡಿಸಲು ಆಗುವುದಿಲ್ಲ, ಎಲ್ಲೋ ಹಾರಿ ಬೀಳುತ್ತದೆ. ಹೋದ ವಾರ ಮಂಚದ ಕೆಳಗೆ ನಾಲ್ಕು ಮಾತ್ರೆ ಸಿಕ್ಕವು. ಅದಕ್ಕೆ ಅಮ್ಮ ಸ್ಟ್ರಿಪ್ಪುಗಳನ್ನೆಲ್ಲ ಕತ್ತರಿಯಲ್ಲಿ ಒಂದೊಂದೇ ಮಾತ್ರೆಯ ತುಂಡು ಮಾಡಿ ಡಬ್ಬಿಗೆ ಹಾಕಿಟ್ಟಿದ್ದಾರೆ. ಇದು ಸರಿನಾ? ಎಲ್ಲವನ್ನೂ ಬಿಡಿಸಿ ಒಂದೇ ಡಬ್ಬಿಯಲ್ಲಿ ಇಡಬಹುದಾ? (ದಾವಣಗೆರೆ)

ಉತ್ತರ: ಅಮ್ಮನಿಗೆ ಇವತ್ತೇ ಹೇಳಿ, ಒಂದೊಂದೇ ತುಂಡು ಮಾಡುವುದನ್ನು ನಿಲ್ಲಿಸಲಿ. ಅವರು ಪ್ರೀತಿಯಿಂದಲೇ ಮಾಡಿದ್ದಾರೆ, ಬೈಯಬೇಡಿ. ಆದರೆ ಅಪಾಯ ಇದೆ. ಕಣ್ಣು ಮಂದವಾದವರು, ಏಳು ಮಾತ್ರೆ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುವವರು, ಆ ತುಂಡನ್ನು ಪ್ಲಾಸ್ಟಿಕ್ ಸಮೇತ ನುಂಗಿಬಿಡುತ್ತಾರೆ. ಕತ್ತರಿಸಿದ ಮೂಲೆ ಬ್ಲೇಡಿನಂತೆ ಇರುತ್ತದೆ. ಅನ್ನನಾಳ ಕೊಯ್ದುಕೊಳ್ಳುತ್ತದೆ. ಜಪಾನಿನಲ್ಲಿ ಹಿರಿಯರಿಗೆ ಹೀಗೆ ಎಷ್ಟೋ ಸಲ ಆಗಿ, 1996ರಲ್ಲಿ ಅಲ್ಲಿನ ಕಂಪನಿಗಳು ಸ್ಟ್ರಿಪ್ಪಿನ ಗೆರೆಗಳನ್ನೇ ಬದಲಿಸಿದವು. ಒಂದೊಂದು ಮಾತ್ರೆ ಬಿಡಿಯಾಗಿ ಹರಿದು ಬರದಂತೆ ಒಂದೇ ದಿಕ್ಕಿನಲ್ಲಿ ಗೆರೆ ಹಾಕಲು ಶುರು ಮಾಡಿದವು. ಇನ್ನೊಂದು ತೊಂದರೆಯೂ ಇದೆ. ಮಾತ್ರೆಯ ಹೆಸರು, ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಕು ಯಾವುದೋ ಒಂದು ತುಂಡಿನಲ್ಲಿ ಹೋಗಿರುತ್ತದೆ. ಉಳಿದ ಒಂಬತ್ತು ಯಾವ ಮಾತ್ರೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಬಿಡಿಸುವುದಕ್ಕೆ ಸುಲಭದ ದಾರಿ ಇದೆ. ಒಂದು ಕಡೆ ಪ್ಲಾಸ್ಟಿಕ್ ಗುಳ್ಳೆ, ಇನ್ನೊಂದು ಕಡೆ ಬೆಳ್ಳಿ ಬಣ್ಣದ ಹಾಳೆ ಇರುವ ಸ್ಟ್ರಿಪ್ ಆದರೆ, ಒಂದು ಸಣ್ಣ ಲೋಟದ ಬಾಯಿಯ ಮೇಲೆ ಹಾಳೆ ಕೆಳಗೆ ಬರುವಂತೆ ಇಡಿ. ಚಮಚದ ಉಬ್ಬಿದ ಬೆನ್ನಿನಿಂದ ಗುಳ್ಳೆಯನ್ನು ಒತ್ತಿ. ಮಾತ್ರೆ ಲೋಟದೊಳಗೇ ಬೀಳುತ್ತದೆ, ಮಂಚದ ಕೆಳಗೆ ಹೋಗುವುದಿಲ್ಲ. ಎರಡೂ ಕಡೆ ಲೋಹದ ಹಾಳೆಯೇ ಇದ್ದು, ಮಾತ್ರೆಗೆಂದು ಗಟ್ಟಿ ಗುಳಿ ಇರುವವು ಇನ್ನೂ ಬಿರುಸು. ಅಂಥದ್ದಕ್ಕೆ ಮೊದಲು ಹಿಂದಿನ ಹಾಳೆಯ ಮೇಲೆ ಉಗುರಿನಲ್ಲಿ ಗೀರಿ, ಆಮೇಲೆ ಒತ್ತಿ. ಗುಳಿಯೇ ಇಲ್ಲದ, ಚಪ್ಪಟೆ ಹಾಳೆಯ ಪಟ್ಟಿಯಾದರೆ ಒತ್ತಿದರೆ ಪ್ರಯೋಜನವಿಲ್ಲ. ಮಾತ್ರೆಯ ಪಕ್ಕದ ಖಾಲಿ ಅಂಚನ್ನು ಕತ್ತರಿಯಲ್ಲಿ ಕತ್ತರಿಸಿ, ಆ ಬಾಯಿಯಿಂದ ಹೊರಗೆ ತೆಗೆಯಬೇಕು.

ಕತ್ತರಿಯ ಉಂಗುರಕ್ಕೆ ಬೆರಳು ತೂರಿಸುವುದೇ ಕಷ್ಟವಾದರೆ, ದರ್ಜಿಗಳು ದಾರ ಕತ್ತರಿಸಲು ಇಟ್ಟುಕೊಳ್ಳುವ ಸಣ್ಣ ಕಟರ್ ಕೊಳ್ಳಿ. ಅದಕ್ಕೆ ಉಂಗುರವಿಲ್ಲ. ಮುಷ್ಟಿಯಲ್ಲಿ ಹಿಡಿದು ಅಮುಕಿದರೆ ಕತ್ತರಿಸುತ್ತದೆ, ಬಿಟ್ಟರೆ ತಾನೇ ತೆರೆದುಕೊಳ್ಳುತ್ತದೆ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ನನ್ನ ಹೆಂಡತಿಗೆ ಹದಿನೈದು ವರ್ಷದಿಂದ ಸಂಧಿವಾತ. ನಮ್ಮ ಅಡುಗೆಮನೆಯಲ್ಲಿ ಒಂದು, ದೇವರ ಮನೆಯಲ್ಲಿ ಎಣ್ಣೆ ಪ್ಯಾಕೆಟ್ಟಿಗೆ ಒಂದು, ಔಷಧಿ ಡಬ್ಬಿಯಲ್ಲಿ ಒಂದು ಇದೆ.

ಒಂದೇ ಡಬ್ಬಿಗೆ ಎಲ್ಲ ಮಾತ್ರೆ ಸುರಿಯಬೇಡಿ. ವಾರದ ಏಳು ದಿನಕ್ಕೆ ಬೇರೆ ಬೇರೆ ಖಾನೆ ಇರುವ ಮಾತ್ರೆ ಡಬ್ಬಿ ಸಿಗುತ್ತದೆ. ಬೆಳಿಗ್ಗೆ, ರಾತ್ರಿಗೆ ಬೇರೆ ಸಾಲು ಇರುವುದನ್ನೇ ತನ್ನಿ. ಕೊಳ್ಳುವ ಮೊದಲು ಅಪ್ಪನ ಕೈಯಲ್ಲೇ ತೆಗೆಸಿ ನೋಡಿ. ಕೆಲವು ಡಬ್ಬಿಯ ಮುಚ್ಚಳಗಳೇ ಸ್ಟ್ರಿಪ್ಪಿಗಿಂತ ಬಿರುಸು. ಒಂದು ವಾರಕ್ಕೆ ಮಾತ್ರ ತುಂಬಿ. ಕೆಲವು ಔಷಧಿಗಳನ್ನು ಬಿಡಿಸಿ ಇಡಲೇಬಾರದು. ಫಿಟ್ಸಿಗೆ ಕೊಡುವ ಸೋಡಿಯಂ ವಾಲ್‌ಪ್ರೊಯೇಟ್ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ರಕ್ತ ಗಟ್ಟದಂತೆ ಕೊಡುವ ಡಾಬಿಗಟ್ರಾನ್ ಕೂಡ ತೇವಕ್ಕೆ ಕೆಡುತ್ತದೆ. ಎದೆನೋವು ಬಂದಾಗ ನಾಲಿಗೆ ಕೆಳಗಿಡುವ ನೈಟ್ರೋಗ್ಲಿಸರಿನ್ ತನ್ನ ಬಾಟಲಿಯಿಂದ ಹೊರಬಂದರೆ ಶಕ್ತಿ ಕಳೆದುಕೊಳ್ಳುತ್ತದೆ. ಅಪ್ಪನ ಏಳು ಮಾತ್ರೆಗಳ ಚೀಟಿ ಹಿಡಿದು ನಿಮ್ಮ ಔಷಧಿ ಅಂಗಡಿಯಲ್ಲಿ ಕೇಳಿ. ಹತ್ತು ನಿಮಿಷದ ಕೆಲಸ.

ಬಾಟಲಿಗಳು ಒಂದೇ ತರ ಕಾಣುತ್ತವೆ ಅಂತಲೂ ಬರೆದಿದ್ದೀರಿ. ರಾತ್ರಿ ಔಷಧಿಯ ಬಾಟಲಿಗೆ ಎರಡು ರಬ್ಬರ್ ಬ್ಯಾಂಡ್ ಹಾಕಿ. ಕೈಗೆ ತಾಗಿದರೆ ಸಾಕು, ಗೊತ್ತಾಗುತ್ತದೆ. ಜಪಾನಿನ ಕಾವೋ ಕಂಪನಿ 1991ರಲ್ಲಿ ತನ್ನ ಶಾಂಪೂ ಬಾಟಲಿಯ ಬದಿಗೆ ಗೀರು ಗೀರು ಗುರುತು ಹಾಕಿದ್ದು ಇದೇ ಯೋಚನೆಯಿಂದ. ಕಣ್ಣು ಕಾಣದವರು ಮುಟ್ಟಿಯೇ ಇದು ಶಾಂಪೂ, ಅದು ಕಂಡೀಷನರ್ ಅಂತ ತಿಳಿಯಲಿ ಅಂತ.

ಪ್ರಶ್ನೆ: ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಡ್ರಾಪ್ಸ್ ಬಾಟಲಿಗೆ ತೂತೇ ಇರಲಿಲ್ಲ. ಸೂಜಿ ಕಾಯಿಸಿ ಚುಚ್ಚಿದೆ. ಈಗ ಒಂದು ಹನಿ ಬೀಳುವಲ್ಲಿ ಎರಡು ಮೂರು ಬೀಳುತ್ತಿದೆ. ನಾನು ಕೆಲಸಕ್ಕೆ ಹೋದಾಗ ಅತ್ತೆಗೆ ಹಿಂಡಲೂ ಆಗುವುದಿಲ್ಲ. (ಹುಬ್ಬಳ್ಳಿ)

ಉತ್ತರ: ತಂಗಿ, ಆ ಬಾಟಲಿಯನ್ನು ಬಿಸಾಡಿಬಿಡಿ, ಹೊಸದು ತನ್ನಿ. ಆಪರೇಷನ್ ಆದ ಕಣ್ಣಿಗೆ ಸೋಂಕು ತಗುಲಿದರೆ ದೃಷ್ಟಿಗೇ ಕುತ್ತು. ಸೂಜಿ ಕಾಯಿಸಿದರೂ ನಮ್ಮ ಕೈ, ಬಟ್ಟೆ ಎಲ್ಲ ತಾಗಿರುತ್ತದೆ. ಕಣ್ಣು ಕೆಂಪಾಗಿದ್ದರೆ, ನೋವಿದ್ದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಇಂಥ ಬಾಟಲಿಯ ಮುಚ್ಚಳದ ಒಳಗೇ ಒಂದು ಮೊನೆ ಇರುತ್ತದೆ. ಮುಚ್ಚಳವನ್ನು ತೆಗೆಯುವ ಬದಲು ಇನ್ನೂ ಬಿಗಿಯಾಗಿ, ಬಲಕ್ಕೆ, ಪೂರ್ತಿ ಕೆಳಗಿಳಿಯುವ ತನಕ ತಿರುಗಿಸಬೇಕು. ಆ ಮೊನೆಯೇ ತುದಿಗೆ ಸರಿಯಾದ ಅಳತೆಯ ತೂತು ಮಾಡುತ್ತದೆ. ಆಮೇಲೆ ಎಡಕ್ಕೆ ತಿರುಗಿಸಿ ತೆಗೆಯಿರಿ. ಇದನ್ನು ಬಾಟಲಿ ಕೊಡುವವರು ಹೇಳಿಕೊಡಬೇಕು. ಹೇಳುವುದಿಲ್ಲ, ಅದೇ ಬೇಸರ. ತೂತು ಮಾಡಿದ ತಾರೀಕನ್ನು ಬಾಟಲಿ ಮೇಲೆ ಪೆನ್ನಿನಲ್ಲಿ ಬರೆಯಿರಿ. ಸಾಮಾನ್ಯವಾಗಿ 28 ದಿನ ಆದ ಮೇಲೆ ಉಳಿದದ್ದನ್ನು ಬಳಸಬಾರದು.

ಅತ್ತೆ ತಾವೇ ಹಾಕಿಕೊಳ್ಳುವುದಾದರೆ ಮಲಗಿಕೊಂಡು ಹಾಕಿಕೊಳ್ಳಲಿ. ಎರಡು ಬೆರಳ ತುದಿಯಲ್ಲಿ ಬಾಟಲಿ ಹಿಡಿಯುವ ಬದಲು ಮುಷ್ಟಿಯಲ್ಲಿ ಹಿಡಿಯಲಿ, ಇಡೀ ಕೈಯ ಬಲ ಸಿಗುತ್ತದೆ. ಬಾಟಲಿ ಹಿಡಿಯಲೆಂದೇ ಮಾಡಿದ ಸಾಧನಗಳೂ ಇವೆ, ಕಣ್ಣಿನ ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಕೇಳಿ. ಎರಡು ಬೇರೆ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಲಿ.

ಪ್ರಶ್ನೆ: ನನಗೆ 72. ಹೋದ ವರ್ಷ ಹೆಂಡತಿ ತೀರಿಕೊಂಡ ಮೇಲೆ ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಬೇಯಿಸುವುದು ಕಲಿತೆ. ಆದರೆ ಹಾಲಿನ ಪ್ಯಾಕೆಟ್, ಎಣ್ಣೆ ಪ್ಯಾಕೆಟ್, ಜಾಮ್ ಬಾಟಲಿ ತೆಗೆಯುವುದರಲ್ಲೇ ಸುಸ್ತಾಗುತ್ತದೆ. ಮೊನ್ನೆ ಚಾಕು ಜಾರಿ ಅಂಗೈಗೆ ಮೂರು ಹೊಲಿಗೆ. (ಮಂಡ್ಯ)

ಉತ್ತರ: ಯಜಮಾನರೇ, ಗಾಯ ಒಣಗುವ ತನಕ ಚಾಕು ಮುಟ್ಟಬೇಡಿ. ಒಣಗಿದ ಮೇಲೂ ಪ್ಯಾಕೆಟ್ ತೆಗೆಯಲು ಚಾಕು ಬೇಡವೇ ಬೇಡ. ಒಂದು ಕೈಯಲ್ಲಿ ಮೆತ್ತಗೆ ಜಾರುವ ಪ್ಯಾಕೆಟ್, ಇನ್ನೊಂದರಲ್ಲಿ ಚಾಕು, ಎರಡೂ ಅಲ್ಲಾಡುತ್ತಿರುತ್ತವೆ. ಅದಕ್ಕೇ ಕೊಯ್ದುಕೊಳ್ಳುವುದು.

ನನ್ನ ಅಮ್ಮ 88ರ ವಯಸ್ಸಿನಲ್ಲೂ ಹಾಲಿನ ಪ್ಯಾಕೆಟ್ಟನ್ನು ಈಳಿಗೆಮಣೆಯಲ್ಲೇ ಕೊಯ್ಯುತ್ತಿದ್ದರು. ನಮ್ಮ ಕಡೆ ಅದನ್ನು ಮೆಟ್ಟುಗತ್ತಿ ಅನ್ನುತ್ತೇವೆ. ಎಷ್ಟೋ ವರ್ಷ ಅದು ಹಳೇ ಅಭ್ಯಾಸ ಅಂತಷ್ಟೇ ಅಂದುಕೊಂಡಿದ್ದೆ. ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ. ಕತ್ತಿ ಕಾಲಿನಡಿ ಅಲುಗದೆ ನಿಂತಿದೆ. ಎರಡೂ ಕೈ ಪ್ಯಾಕೆಟ್ ಮೇಲಿದೆ. ಮೂಲೆಯನ್ನು ಕತ್ತಿಯ ಬಾಯಿಗೆ ತಾಗಿಸಿ ತುಸು ಮುಂದೆ ದೂಡಿದರು, ಅಷ್ಟೇ. ಬೆರಳು ಚಿವುಟಲಿಲ್ಲ, ಮಣಿಕಟ್ಟು ತಿರುಗಲಿಲ್ಲ, ಒಂದು ಹನಿ ಹಾಲು ಚೆಲ್ಲಲಿಲ್ಲ. ಮೂಲೆಯ ಚೂರು ಪೂರ್ತಿ ಕತ್ತರಿಸಿಯೂ ಹೋಗಲಿಲ್ಲ, ಪ್ಯಾಕೆಟ್ಟಿಗೇ ಅಂಟಿಕೊಂಡಿತ್ತು. ಆ ಸಣ್ಣ ಚೂರುಗಳೇ ಚರಂಡಿ ಸೇರುವುದು, ಹಾಗಾಗಿ ಅದೂ ಒಳ್ಳೆಯದೇ.

ನೆಲದಲ್ಲಿ ಕೂತು ರೂಢಿ ಇಲ್ಲದವರಿಗೆ ಈಳಿಗೆಮಣೆ ಹೇಳಲಾರೆ. ನೀವು ಹೀಗೆ ಮಾಡಿ. ಹಾಲಿನ ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿಯಬೇಡಿ, ಕಾಯಿಸುವ ಪಾತ್ರೆಯೊಳಗೇ ನಿಲ್ಲಿಸಿ. ಒಂದು ಮೂಲೆ ಪಾತ್ರೆಯ ಅಂಚಿಗಿಂತ ಮೇಲೆ ಬರಲಿ. ಮೇಲೆ ಹೇಳಿದ ದರ್ಜಿ ಕಟರ್‌ನಲ್ಲಿ ಮೂಲೆಗೆ ಕಚ್ಚು ಹಾಕಿ. ಹಾರಿದರೂ ಪಾತ್ರೆಗೇ ಬೀಳುತ್ತದೆ. ಎಣ್ಣೆಗೂ ಇದೇ. ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ ಕತ್ತರಿಸಿ, ಡಬ್ಬಿಗೇ ಸುರಿದುಬಿಡಿ.

ಜಾಮ್ ಬಾಟಲಿಯ ಕಥೆ ಬೇರೆ. ಅದನ್ನು ಬಿಸಿ ಇರುವಾಗಲೇ ತುಂಬಿ ಮುಚ್ಚುತ್ತಾರೆ. ತಣ್ಣಗಾದಾಗ ಒಳಗಿನ ಹಬೆ ನೀರಾಗಿ, ಅಲ್ಲಿ ಗಾಳಿಯ ಒತ್ತಡ ಕಮ್ಮಿಯಾಗುತ್ತದೆ. ಹೊರಗಿನ ಗಾಳಿ ಮುಚ್ಚಳವನ್ನು ಕೆಳಗೆ ಒತ್ತಿ ಹಿಡಿಯುತ್ತದೆ. ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ. 6 ಸೆಂ.ಮೀ. ಅಗಲದ ಮುಚ್ಚಳದ ಮೇಲ್ಮೈ ಸುಮಾರು 28 ಚದರ ಸೆಂ.ಮೀ. ಒಳಗಿನ ಒತ್ತಡ ಅರ್ಧಕ್ಕೆ ಇಳಿದಿದ್ದರೂ ಮುಚ್ಚಳದ ಮೇಲೆ 14 ಕೆಜಿ ಭಾರ ಕೂತಂತೆ. ಮನೆಗೆ ಬರುವ ಒಂದು ಸಿಲಿಂಡರಿನಲ್ಲಿ ತುಂಬುವ ಗ್ಯಾಸಿನ ತೂಕ 14.2 ಕೆಜಿ. ನೀವು ಸುಮ್ನೆ ತಿರುಗಿಸುವುದು ಅಂದರೆ ಆ ಭಾರದ ಜೊತೆ ಕುಸ್ತಿ ಮಾಡಿದಂತೆ.

ಹಾಗಾಗಿ ಮೊದಲು ಒಳಗೆ ಗಾಳಿ ಬಿಡಿ. ಗಟ್ಟಿ ಚಮಚದ ತುದಿಯನ್ನು ಮುಚ್ಚಳದ ಅಂಚಿನ ಕೆಳಗೆ ಸಿಕ್ಕಿಸಿ ಮೆಲ್ಲಗೆ ಮೇಲೆತ್ತಿ. "ಟಪ್" ಅಂದಿತಾ? ಅಷ್ಟೇ, ಇನ್ನು ತಿರುಗುತ್ತದೆ. ಸದ್ದು ಬರದಿದ್ದರೆ ತಗಡಿನ ಮುಚ್ಚಳದ ಮೇಲೆ ಅರ್ಧ ನಿಮಿಷ ಬಿಸಿನೀರು ಬಿಡಿ. ತಗಡು ಗಾಜಿಗಿಂತ ಜಾಸ್ತಿ ಹಿಗ್ಗುತ್ತದೆ. ಫ್ರಿಜ್ಜಿನಿಂದ ಆಗ ತಾನೇ ತೆಗೆದ ಬಾಟಲಿಗೆ ಮಾತ್ರ ಬಿಸಿನೀರು ತಾಗಿಸಬೇಡಿ, ಗಾಜು ಒಡೆಯುತ್ತದೆ.

ಹಿಡಿತಕ್ಕೆ ಸೈಕಲ್ ರಿಪೇರಿ ಅಂಗಡಿಗೆ ಹೋಗಿ ಹಳೇ ಟ್ಯೂಬಿನ ಗೇಣುದ್ದದ ತುಂಡು ಕೇಳಿ. ಉದ್ದಕ್ಕೆ ಸೀಳಿ, ಸೋಪು ಹಾಕಿ ತೊಳೆದು ಒಣಗಿಸಿ. ಮುಚ್ಚಳದ ಮೇಲೆ ಹಾಕಿ ಹಿಡಿದರೆ ಕೈ ಜಾರುವುದಿಲ್ಲ. ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ನೀರಿನ ಬಾಟಲಿಗಳ ಮುಚ್ಚಳ ಈಗ ಮೊದಲಿನಷ್ಟು ಎತ್ತರ ಇಲ್ಲ. ಪ್ಲಾಸ್ಟಿಕ್ ಉಳಿಸಲು ಗಿಡ್ಡ ಮಾಡಿದ್ದಾರೆ, ಬೆರಳಿಗೆ ಹಿಡಿಯಲು ಜಾಗವೇ ಇಲ್ಲ. ಅದಕ್ಕೂ ಈ ಟ್ಯೂಬ್ ಆಗುತ್ತದೆ. ಇಲ್ಲದಿದ್ದರೆ ಬಿಸಿ ಪಾತ್ರೆ ಇಳಿಸುವ ಇಕ್ಕಳದಲ್ಲಿ ಮುಚ್ಚಳ ಹಿಡಿದು ತಿರುಗಿಸಿ. ನಿಮ್ಮ ಮನೆಯವರ ಇಕ್ಕಳ ಅಡುಗೆಮನೆಯಲ್ಲಿ ಎಲ್ಲೋ ಇದ್ದೇ ಇರುತ್ತದೆ, ಹುಡುಕಿ.

ಪ್ರಶ್ನೆ: ಮುಚ್ಚಳದ ಮೇಲೊಂದು ಪ್ಲಾಸ್ಟಿಕ್, ಒಳಗೊಂದು ಹಾಳೆ. ಇಷ್ಟೊಂದು ಸೀಲ್ ಯಾಕೆ ಬೇಕು? (ಉಡುಪಿ)

ಉತ್ತರ: 1982ರಲ್ಲಿ ಅಮೆರಿಕದ ಶಿಕಾಗೋ ಸುತ್ತಮುತ್ತ ಯಾರೋ ಅಂಗಡಿಯಲ್ಲಿದ್ದ ನೋವಿನ ಕ್ಯಾಪ್ಸೂಲುಗಳಿಗೆ ಸಯನೈಡ್ ಸೇರಿಸಿಟ್ಟರು. ಏಳು ಜನ ಸತ್ತರು. ಮಾಡಿದವರು ಯಾರು ಅಂತ ಸಾಬೀತಾಗಲೇ ಇಲ್ಲ. ಯಾರಾದರೂ ಮೊದಲೇ ತೆಗೆದಿದ್ದರೆ ಕೊಳ್ಳುವವರಿಗೆ ಕಾಣಬೇಕು ಅನ್ನುವ ನಿಯಮ ಅಲ್ಲಿಂದ ಬಂತು. ನಮ್ಮಲ್ಲಿ ಕಲಬೆರಕೆಯ ಭಯವೂ ಇದೆ, ಕರಾವಳಿ, ಮಲೆನಾಡಿನ ತೇವವೂ ಇದೆ. ಸೀಲ್ ಬೇಕು. ಅದನ್ನು ಕೀಳಲು ಹಿಡಿದೆಳೆಯುವ ಒಂದು ಕಿವಿಯನ್ನೂ ಇಡಬೇಕು. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ.

ಪ್ರಶ್ನೆ: ದೂರು ಕೊಟ್ಟರೆ ಯಾರಾದರೂ ಕೇಳುತ್ತಾರಾ? (ಬೆಂಗಳೂರು)

ಉತ್ತರ: ಪೊಟ್ಟಣದಲ್ಲಿ ಮಾರುವ ಸಾಮಾನಿನ ಮೇಲೆ ಗ್ರಾಹಕರು ದೂರು ಹೇಳಲು ಫೋನ್ ನಂಬರು, ಇಮೇಲ್ ಇರಲೇಬೇಕು ಅಂತ 2011ರ ಪೊಟ್ಟಣ ಸಾಮಗ್ರಿ ನಿಯಮ ಹೇಳುತ್ತದೆ. ಮೊದಲು ಅಲ್ಲಿಗೆ ಫೋನ್ ಮಾಡಿ. "ಚೆನ್ನಾಗಿಲ್ಲ" ಅಂದರೆ ಸಾಲದು. ನಿಮ್ಮ ವಯಸ್ಸು, ಯಾವ ಅಳತೆಯ ಪ್ಯಾಕೆಟ್, ಎಲ್ಲಿ ಸಿಕ್ಕಿಹಾಕಿಕೊಂಡಿತು, ಆಮೇಲೆ ಹೇಗೆ ತೆಗೆದಿರಿ, ಇಷ್ಟು ಹೇಳಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯ ಸ್ವಸಹಾಯ ಸಂಘದ ಹನ್ನೊಂದು ಹೆಣ್ಣುಮಕ್ಕಳು. ಹಪ್ಪಳ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತೇವೆ. ಸಂತೆಯಲ್ಲಿ ಒಬ್ಬ ಅಜ್ಜಿ "ನಿಮ್ಮ ಚಟ್ನಿ ರುಚಿ ಐತಿ, ಆದ್ರ ಪಾಕೀಟು ಒಡಿಯೂದ್ರಾಗ ಜೀವ ಹೋಗ್ತೈತಿ" ಅಂದರು. ಗಾಳಿ ಹೋಗಬಾರದು ಅಂತ ನಾವು ಎರಡೆರಡು ಸಲ ಸೀಲ್ ಮಾಡುತ್ತೇವೆ. ಏನು ಮಾಡಬೇಕು? ಒಂದು ಹಪ್ಪಳದ ಪ್ಯಾಕೆಟ್ ಜೊತೆಗೆ ಕಳಿಸಿದ್ದೇವೆ.

ಉತ್ತರ: ಇಡೀ ಗಂಟಿನಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟ ಪತ್ರ ನಿಮ್ಮದು. ಒಬ್ಬ ಅಜ್ಜಿಯ ಮಾತನ್ನು ಸಂತೆಯಲ್ಲೇ ಬಿಟ್ಟು ಬರದೆ ಮನೆ ತನಕ ತಂದಿರಿ.

ಎರಡು ಸಲ ಸೀಲ್ ಮಾಡುವುದು ಬೇಡ. ಬಿಸಿ ಸರಿಯಾಗಿದ್ದರೆ ಒಂದು ಸಲಕ್ಕೇ ಗಾಳಿ ನಿಲ್ಲುತ್ತದೆ. ಸೀಲ್ ಮಾಡಿದ ಒಂದು ಪ್ಯಾಕೆಟ್ಟನ್ನು ನೀರಿನಲ್ಲಿ ಮುಳುಗಿಸಿ ಅಮುಕಿ ನೋಡಿ, ಗುಳ್ಳೆ ಬರದಿದ್ದರೆ ಸಾಕು. ಸೀಲಿನ ಗೆರೆಯನ್ನು ಪ್ಯಾಕೆಟ್ಟಿನ ತುಟ್ಟತುದಿಗೆ ಹಾಕಬೇಡಿ. ಮೇಲೆ ಎರಡು ಬೆರಳಗಲ ಜಾಗ ಬಿಡಿ, ಹಿಡಿದು ಎಳೆಯಲು ಕೈಗೆ ಏನಾದರೂ ಸಿಗಬೇಕು. ಬದಿಯ ಅಂಚಿನಲ್ಲಿ, ಸೀಲಿನ ಗೆರೆಗಿಂತ ತುಸು ಕೆಳಗೆ ಆದರೆ ಒಳಗಿನ ಸಾಮಾನಿಗೆ ತಾಗದಂತೆ, ಸಣ್ಣ ಕಚ್ಚು ಹಾಕಿ. ಅಂಚಿನಲ್ಲೂ ಸೀಲ್ ಇರುವ ಪ್ಯಾಕೆಟ್ಟಿಗೆ ಮಾತ್ರ ಇದು ಆಗುತ್ತದೆ, ಇಲ್ಲದಿದ್ದರೆ ಗಾಳಿ ಹೋಗುತ್ತದೆ. ಕಚ್ಚು ಇರುವಲ್ಲಿ "ಇಲ್ಲಿ ಹರಿಯಿರಿ" ಅಂತ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಬಾಣದ ಗುರುತಿನ ಜೊತೆ ಹಾಕಿ. ತಯಾರಿಸಿದ ತಾರೀಕನ್ನೂ ದೊಡ್ಡದಾಗಿ ಹಾಕಿ.

ಪ್ಯಾಕೆಟ್ ತೆಗೆಯಲು ಸುಲಭವಾಗಿರಬೇಕು ಅಂತ 2015ರಲ್ಲಿ ಐಎಸ್‌ಒ 17480 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡವೇ ಬಂದಿದೆ. ಯುರೋಪಿನಲ್ಲಿ ಇಂಥ ಪರೀಕ್ಷೆಗೆ 65ರಿಂದ 80 ವರ್ಷದವರನ್ನು ಕೂರಿಸುತ್ತಾರೆ. ನಿಮಗೆ ಅಷ್ಟು ದೂರ ಹೋಗುವುದು ಬೇಡ. ನಿಮ್ಮ ಹನ್ನೊಂದು ಮನೆಗಳಲ್ಲಿ ಅತ್ತೆ, ಅವ್ವ, ಅಜ್ಜಿ ಇರುತ್ತಾರಲ್ಲ, ಅವರ ಕೈಗೆ ಪ್ಯಾಕೆಟ್ ಕೊಡಿ. ಹೇಗೆ ತೆಗೆಯಬೇಕು ಅಂತ ಹೇಳಿಕೊಡಬೇಡಿ, ಸಹಾಯಕ್ಕೂ ಹೋಗಬೇಡಿ. ಸುಮ್ನೆ ಕೂತು ಅವರ ಬೆರಳು ನೋಡಿ.

ನೀವು ಕಳಿಸಿದ ಹಪ್ಪಳದ ಪ್ಯಾಕೆಟ್ಟನ್ನು ನಾನೂ ಹಾಗೇ ನನ್ನ ಹೆಂಡತಿಯ ಕೈಗೆ ಕೊಟ್ಟೆ. ಅವಳು ಮೇಲಿನ ಅಂಚು ಹಿಡಿದು ಎರಡು ಸಲ ಎಳೆದಳು, ಜಾರಿತು. ಪಕ್ಕದಿಂದ ನೋಡಿದಳು, ಕಚ್ಚು ಇರಲಿಲ್ಲ. ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಒತ್ತಿಕೊಂಡು ಪ್ಯಾಕೆಟ್ಟನ್ನು ಕಟ್ಟೆಯ ಮೇಲಿಟ್ಟು ಕಟರ್ ತೆಗೆದುಕೊಂಡಳು. ಹಪ್ಪಳ ತುಂಬಾ ಚೆನ್ನಾಗಿದೆ, ಜೀರಿಗೆಯ ಹದ ಸರಿಯಾಗಿದೆ ಅಂತ ತಿಳಿಸಲು ಹೇಳಿದ್ದಾಳೆ. ಪ್ಯಾಕೆಟ್ ಬದಲಾಯಿಸಿದ ಮೇಲೆ ಇನ್ನೊಂದು ಕಳಿಸಿ, ದುಡ್ಡು ನಾನು ಕಳಿಸುತ್ತೇನೆ. ಅವಳ ಕೈಗೇ ಕೊಟ್ಟು, ಹೇಗಾಯಿತು ಅಂತ ಬರೆಯುತ್ತೇನೆ.